ಬೆರಕೆಯೊಳಗಿನ ಒಂದು ಎಲೆ

ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಅವರು ನನ್ನ ಕೈಗೆ ಹೊಡೆದರು. ಬಾಯಿಯ ಹತ್ತಿರ ಬಂದಿದ್ದ ಮುದ್ದೆಯ ತುತ್ತು ಬೆರಳಿಂದ ಹಾರಿ, ಹಲಗೆಯ ಗೋಡೆಗೆ ತಾಗಿ, ಸಾರಿನ ಹಸಿರು ಗೆರೆಯೊಂದನ್ನು ಎಳೆದುಕೊಂಡು ಕೆಳಗೆ ಬಿತ್ತು. ಅವರ ಬಲಗೈಯ ತೋರುಬೆರಳು ಮೊಂಡು. ತುದಿಯ ಗೆಣ್ಣು ಇಲ್ಲ. ಆ ಮೊಂಡು ತುದಿ ನನ್ನ ಮಣಿಕಟ್ಟಿನ ಮೂಳೆಗೆ ಬಡಿದ ನೋವು ಎರಡು ದಿನ ಇತ್ತು. ಸಮಯ ಇಷ್ಟು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ನನ್ನ ಫೋನಿನಲ್ಲಿ ತುರ್ತು ಕರೆ ಹೋದದ್ದು ಒಂದು ಹನ್ನೊಂದಕ್ಕೆ ಎಂದಿದೆ. ಆ ಸಾಲನ್ನು ನಾನಿನ್ನೂ ಅಳಿಸಿಲ್ಲ.

ಮೂರು ವರ್ಷದ ಪರಿಚಯದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೊಂದೇ ಸಲ. ಮೊದಲ ದಿನ ಕೈಕುಲುಕಲು ಮುಂದೆ ಬಂದವರು ನನ್ನ ತಲೆವಸ್ತ್ರ ನೋಡಿ, ಚಾಚಿದ ಕೈಯನ್ನು ತಮ್ಮ ಎದೆಗೇ ಒತ್ತಿಕೊಂಡು ತಲೆಬಾಗಿಸಿದ್ದರು. ಆ ಒಂದು ಮೊಳದ ದೂರವನ್ನು ಅಲ್ಲಿಂದಾಚೆ ಹಾಗೇ ಕಾಪಾಡಿಕೊಂಡು ಬಂದಿದ್ದರು.

ನಾವು ಸ್ವೀಡನ್ನಿನ ಸ್ಯಾಂಡ್‌ವಿಕೆನ್ ಎಂಬ ಉಕ್ಕಿನ ಊರಿನಲ್ಲಿದ್ದೇವೆ. ನನ್ನ ಕೆಲಸ ಉಕ್ಕಿನ ಪರೀಕ್ಷೆಯ ಪ್ರಯೋಗಾಲಯದಲ್ಲಿ, ನನ್ನ ಗಂಡನದು ಕಂಪ್ಯೂಟರ್ ವಿಭಾಗದಲ್ಲಿ. ಊರಿನ ಅಂಚಿನಲ್ಲಿ, ಬರ್ಚ್ ಮರಗಳ ಸಾಲಿನಾಚೆ, ಬಾಡಿಗೆ ತೋಟಗಳ ಒಂದು ಕಾಲೊನಿ ಇದೆ. ಒಂದೊಂದು ತುಂಡು ನೆಲ, ಅದರಲ್ಲಿ ಒಂದು ಪುಟ್ಟ ಮರದ ಕೋಣೆ, ಒಂದು ಗ್ಯಾಸ್ ಒಲೆ. ಎರಡು ವರ್ಷ ಸರದಿಯಲ್ಲಿ ಕಾದು ನಮಗೊಂದು ಸಿಕ್ಕಿತು. ಬೇಲಿಯ ಆ ಕಡೆಯ ತೋಟ ಅವರದು, ನನ್ನ ಕೈಗೆ ಹೊಡೆದವರದು. ಅವರು ಕಾದ ಉಕ್ಕನ್ನು ಉರುಳೆಗಳಲ್ಲಿ ಒತ್ತುವ ರೋಲಿಂಗ್ ಮಿಲ್ಲಿನಿಂದ ನಿವೃತ್ತರಾದವರು, ವಯಸ್ಸು ಎಂಬತ್ತು ದಾಟಿತ್ತು. ಬೆರಳನ್ನು ಮಿಲ್ಲು ತೆಗೆದುಕೊಂಡದ್ದನ್ನು ಅವರು ಹೇಳುತ್ತಿದ್ದ ರೀತಿ ಹೀಗೆ: "ಅದು ಎಚ್ಚರವಾಗಿತ್ತು. ನಾನು ಇರಲಿಲ್ಲ."

ಮಾತು ಅಷ್ಟೇ. ಒಂದು ವಾಕ್ಯ ಆದ ಮೇಲೆ ಇನ್ನೊಂದು ಬರುತ್ತದೆಂದು ಕಾದರೆ ಕಾಯುತ್ತಲೇ ಇರಬೇಕು. ಬೆಳಿಗ್ಗೆ ಹತ್ತಕ್ಕೆ ಮತ್ತು ಮಧ್ಯಾಹ್ನ ಮೂರಕ್ಕೆ ಫೀಕ: ಥರ್ಮಾಸಿನಿಂದ ಕಾಫಿ, ಎರಡು ಬಿಸ್ಕತ್ತು. ಸಲಕರಣೆಗಳನ್ನು ಒಳಗಿಡುವ ಮುಂಚೆ ಹಳೆಯ ಸಾಕ್ಸಿನಲ್ಲಿ ಒರೆಸುವರು. ಗುದ್ದಲಿಯ ಹಿಡಿ ಸವೆದು ಅವರ ಮೊಂಡು ಬೆರಳಿಗೆ ಸರಿಯಾದ ಒಂದು ತಗ್ಗು ಅದರಲ್ಲಿತ್ತು.

ಮೊದಲ ಬೇಸಿಗೆ ನಾನು ಅಂಗಡಿಯಿಂದ ಹೂಬಿಟ್ಟ ಗಿಡಗಳನ್ನೇ ಕಾರು ತುಂಬ ತಂದು ನೆಟ್ಟಿದ್ದೆ. ಜೂನ್ ಆರಂಭದ ಒಂದು ಹಿಮದ ಬೆಳಗಿನಲ್ಲಿ ಅವೆಲ್ಲ ಬೇಯಿಸಿದ ಪಾಲಕ್ಕಿನ ಹಾಗೆ ಮಲಗಿದ್ದವು. ಅವರು ಬೇಲಿಯ ಮೇಲೆ ಮೊಣಕೈ ಊರಿ ನೋಡಿದರು.

"ನೀನು ಹೂವು ಕೊಂಡೆ," ಅಂದರು. "ತೋಟ ಕೊಳ್ಳಲಿಲ್ಲ."

"ತೋಟ ಎಲ್ಲಿ ಸಿಗುತ್ತೆ?" ಅಂತ ನಾನು ಸಿಟ್ಟಿನಲ್ಲೇ ಕೇಳಿದೆ.

ಅವರು ತಮ್ಮ ಪಾತಿಯ ಕಡೆ ಗಲ್ಲ ತಿರುಗಿಸಿದರು. ಅಲ್ಲಿ ಆ ದಿನ ಒಂದೇ ಒಂದು ಹೂವಿರಲಿಲ್ಲ. ಆದರೂ ನೋಡುತ್ತ ನಿಂತುಬಿಟ್ಟೆ. ಮುಂದಿನ ಸಾಲಿನಲ್ಲಿ ಡಾಗ್‌ಕೋಪ, ಅಂದರೆ ಇಬ್ಬನಿಯ ನಿಲುವಂಗಿ ಎಂಬ ಗಿಡ. ಎಳೆನಿಂಬೆ ಬಣ್ಣದ ದುಂಡು ಎಲೆಗಳ ಅಂಚಿನಲ್ಲೆಲ್ಲ ನೀರಿನ ಮಣಿ. ಅದರ ಪಕ್ಕದಲ್ಲೇ ಕೆಂಗಂದು ಎಲೆಯ ಇನ್ನೊಂದು, ಸುಟ್ಟ ಬೆಲ್ಲದ ಪಾಕದ ಬಣ್ಣ. ಹಿಂದೆ ಫುಂಕಿಯ ಎಂಬ ಗಿಡದ ಅಗಲ ಎಲೆ, ನೀಲಿಗೆ ತಿರುಗಿದ ಬೂದಿ, ಆನೆಕಿವಿಯಷ್ಟು ದಪ್ಪ. ಅದರ ಭಾರವನ್ನು ತಾಳಲಾರದೆ ಹಾರಿಹೋಗುತ್ತದೇನೋ ಎಂಬಂತೆ ನಡುನಡುವೆ ಜರಿಗಿಡ. ಅಂಚಿನಲ್ಲಿ ಕುರಿಮರಿಯ ಕಿವಿಯಂತೆ ಬೆಳ್ಳಗಿನ ತುಪ್ಪುಳದ ಎಲೆ.

"ಹೂವು ಅತಿಥಿ," ಅಂದರು. "ಎರಡು ವಾರ ಇದ್ದು ಹೋಗುತ್ತೆ. ಎಲೆ ಮನೆಯವರು. ಐದು ತಿಂಗಳು ಅವರ ಜೊತೆ ಬದುಕಬೇಕು."

ಅವರ ಕೆಲಸದ ಕ್ರಮವೊಂದನ್ನು ನಾನು ಬೇರೆಲ್ಲೂ ಕಂಡಿಲ್ಲ. ಎರಡು ಗಿಡಗಳನ್ನು ಅಕ್ಕಪಕ್ಕ ಇಡುವ ಮುಂಚೆ ಕುಂಡದಲ್ಲಿರುವಾಗಲೇ ಫೋಟೊ ತೆಗೆದು, ಅದರ ಬಣ್ಣವನ್ನೆಲ್ಲ ಕಳೆದು ಕಪ್ಪುಬಿಳುಪಾಗಿ ನೋಡುವರು. ಎರಡು ಎಲೆಗಳು ಒಂದೇ ಬೂದಿಯಾಗಿ ಕಲೆಸಿಹೋದರೆ ಆ ಜೋಡಿ ಬೇಡ. ಕೆಂಪು ಹಸಿರು ಎಂದು ಮೋಸಹೋಗಬಾರದು, ಆಕಾರ ನಿಲ್ಲಬೇಕು. ಮೊನಚಿನ ಪಕ್ಕ ದುಂಡು, ಮಿನುಗಿನ ಪಕ್ಕ ಮಂಕು, ಸೀಳಿದ್ದರ ಪಕ್ಕ ಇಡಿಯದ್ದು. ನಾಲ್ಕು ತಿಂಗಳು ಹಿಮದಡಿ ಹೂತಿದ್ದು ಮತ್ತೆ ಏಳುವ ಗಿಡಕ್ಕೆ ಮಾತ್ರ ಅಲ್ಲಿ ಜಾಗ. ಚಳಿಗೆ ಬುಡ ಮೇಲೆದ್ದ ಗಿಡಗಳನ್ನು ಏಪ್ರಿಲ್‌ನಲ್ಲಿ ಹಿಮ್ಮಡಿಯಿಂದ ಮೆಲ್ಲಗೆ ಒತ್ತಿ ಕೂರಿಸುತ್ತ ಪಾತಿಯ ಉದ್ದಕ್ಕೂ ನಡೆಯುವರು. ದೂರದಿಂದ ನೋಡಿದವರಿಗೆ ಯಾವುದೋ ನಿಧಾನದ ಕುಣಿತದ ಹಾಗೆ ಕಾಣುತ್ತಿತ್ತು.

ಹೆಸರಿನ ಪಟ್ಟಿ ಅವರು ಎಲ್ಲೂ ಇಡುತ್ತಿರಲಿಲ್ಲ. ಮೇ ತಿಂಗಳು ಬಂತೆಂದರೆ ನನಗೆ ಪರೀಕ್ಷೆ. ಮೊಂಡು ಬೆರಳನ್ನು ಗೇಣುದ್ದದ ಮೊಳಕೆಗಳ ಮೇಲೆ ಹಿಡಿದು, "ಇವರು ಯಾರು?" ಎನ್ನುವರು. ನಾನು ಹೇಳುವೆ. ತಪ್ಪಿದರೆ ತಿದ್ದುತ್ತಿರಲಿಲ್ಲ, ಮುಂದಿನ ಗಿಡಕ್ಕೆ ಹೋಗುತ್ತಿದ್ದರು. ಮರುದಿನ ಅದೇ ಗಿಡದ ಮೇಲೆ ಅದೇ ಬೆರಳು. ಪಿಎಚ್.ಡಿ. ಮಾಡಿದ ನಾನು ಹತ್ತನೇ ಕ್ಲಾಸು ಮುಗಿಸದ ಮನುಷ್ಯನ ಮುಂದೆ ಕೈಕಟ್ಟಿ ನಿಂತು ಬೆವರುತ್ತಿದ್ದೆ.

ಒಂದು ಗಿಡದಲ್ಲಿ ಮಾತ್ರ ಸದಾ ಎಡವುತ್ತಿದ್ದೆ. ಸ್ತೂರ್ಮ್‌ಹಾಟ್, ಬಿರುಗಾಳಿಯ ಟೋಪಿ. ಅವರ ಪಾತಿಯ ಹಿಂಬದಿಯಲ್ಲಿ ಅದರ ದೊಡ್ಡ ಪೊದೆಯಿತ್ತು, ತೀರಿಹೋದ ಅವರ ಹೆಂಡತಿ ನೆಟ್ಟದ್ದು. ಆಗಸ್ಟ್ ಕೊನೆಗೆ ಎಲ್ಲ ಗಿಡಗಳೂ ಸೋತು ಕೂತಾಗ ಆಳೆತ್ತರದ ಕಡ್ಡಿಗಳಲ್ಲಿ ಕಡುನೀಲಿ ಹೂವು ಬಿಡುತ್ತಿತ್ತು. ಕೈಬೆರಳಿನಂತೆ ಸೀಳಿದ ಅದರ ಕಡುಹಸಿರು ಎಲೆಯನ್ನು ನಾನು ವಸಂತದಲ್ಲಿ ಬೇರೆ ಯಾವುದೋ ನಿರಪಾಯದ ಗಿಡವೆಂದೇ ಹೇಳುತ್ತಿದ್ದೆ. ಆ ಒಂದಕ್ಕೆ ಮಾತ್ರ ಅವರು ಅಲ್ಲೇ ತಿದ್ದಿದರು. "ಚಂದ, ಆದರೆ ಕೆಟ್ಟದ್ದು. ಎಲೆ, ಬೇರು, ಎಲ್ಲ ವಿಷ. ಕೈಗವಸು ಹಾಕದೆ ಮುಟ್ಟಬೇಡ."

ಎರಡನೇ ವರ್ಷದ ಸೆಪ್ಟೆಂಬರ್‌ನಲ್ಲಿ ಅದರಿಂದ ಒಂದು ತುಂಡು ಒಡೆದು ನನಗೆ ಕೊಟ್ಟರು. ನನ್ನ ಪಾತಿಗೆ ಹಿಂಬದಿಯ ನೀಲಿ ಇಲ್ಲ ಎಂದು ನಾನೇ ಕೇಳಿದ್ದೆ. ನೆಟ್ಟೆ. ಅಕ್ಟೋಬರ್‌ನಲ್ಲಿ ಅವರ ಹಾಗೇ ಫೋಟೊ ತೆಗೆದು ಬಣ್ಣ ಕಳೆದು ನೋಡಿದರೆ ಜೋಡಿ ಸರಿ ಕಾಣಲಿಲ್ಲ, ಪಕ್ಕದ್ದೂ ಸೀಳೆಲೆಯದ್ದೇ. ಕಿತ್ತು ಬೇರೆಡೆ ನೆಟ್ಟೆ. ಕೀಳುವಾಗ ಕಪ್ಪು ಗಡ್ಡೆಗಳಲ್ಲಿ ಕೆಲವು ಮುರಿದವು. ಅವನ್ನು ಚೀಲಕ್ಕೆ ಹಾಕಿ ಕಸಕ್ಕೆ ಕಳಿಸಬೇಕು, ಗೊಬ್ಬರಕ್ಕೆ ಹಾಕಬಾರದು ಎಂದು ಅವರು ಹೇಳಿದ್ದರು. ಚಳಿಗೆ ಕೈ ಮರಗಟ್ಟಿತ್ತು. ಮಳೆ ಹನಿಯುತ್ತಿತ್ತು. ಗೊಬ್ಬರದ ಗುಂಡಿಯ ಅಂಚಿಗೆ ಎಸೆದು ಮನೆಗೆ ಹೋದೆ. ನಾಳೆ ಆರಿಸಿದರಾಯಿತು ಅಂದುಕೊಂಡೆ. ಈ ವಾಕ್ಯವನ್ನು ಬರೆಯಲು ನನಗೆ ಒಂದು ವರ್ಷ ಹಿಡಿಯಿತು.

ಮುಂದಿನ ಏಪ್ರಿಲ್ ಕೊನೆಗೆ ಕೋಲಾರದಿಂದ ಅಮ್ಮಿ ಬಂದಳು, ಮೂರು ತಿಂಗಳ ಮಟ್ಟಿಗೆ. ಪೆಟ್ಟಿಗೆಯಲ್ಲಿ ಐದು ಕೇಜಿ ರಾಗಿಹಿಟ್ಟು, ತೊಗರಿಬೇಳೆ, ಒಂದು ಹಳೆಯ ಕುಕ್ಕರು. ಎರಡನೇ ದಿನವೇ ತೋಟಕ್ಕೆ ಕರೆದುಕೊಂಡು ಹೋದೆ. ಪಕ್ಕದ ಪಾತಿಯನ್ನು ಈ ತುದಿಯಿಂದ ಆ ತುದಿಗೆ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಇಷ್ಟು ಜಾಗ ಇಟ್ಕೊಂಡು ಒಂದು ಮೆಣಸಿನ ಗಿಡ ಇಲ್ಲ. ತಿನ್ನಾಕಾಗ್ದ ಎಲೆಗೆ ಈ ಪಾಟಿ ಉಪಚಾರಾನ? ಕೇಳು ಭಾಯಿಸಾಬ್‌ನ."

ಕೇಳಿದೆ. ಅವರು ಯೋಚಿಸಿ, "ನಾನು ಕಣ್ಣಿಂದ ತಿನ್ನುತ್ತೇನೆ ಅಂತ ಹೇಳು," ಅಂದರು.

"ಕಣ್ಣಿಗೆ ಹೊಟ್ಟೆ ಎಲ್ಲೈತೆ ಅಂತ ಕೇಳು."

ಅವರು ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಆಮೇಲೆ ತಾವಾಗಿ ಬೇಲಿ ದಾಟಿ ಬಂದು, ನನ್ನ ಗೊಬ್ಬರದ ಗುಂಡಿಯ ಹತ್ತಿರ ಬೆಳೆದಿದ್ದ ತುರಿಕೆ ಸೊಪ್ಪನ್ನೂ ಶಿರ್‌ಸ್ಕೋಲ್ ಎಂಬ ಕಳೆಯನ್ನೂ ತೋರಿಸಿ, ಇವನ್ನು ಇಲ್ಲಿ ಹಸಿವಿನ ಕಾಲದಲ್ಲಿ ಸೂಪು ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ ಎಂದರು. ಅಮ್ಮಿಯ ಮುಖ ಅರಳಿತು. ಕಳೆಯನ್ನು ತಿನ್ನುವ ಜನ ಅವಳಿಗೆ ಅರ್ಥವಾಗುವ ಜನ. ಮೊದಲ ಮಳೆಯಾದ ಮೇಲೆ ನಮ್ಮ ಕಡೆ ಹೆಂಗಸರು ಹೊಲದ ಬದುಗಳಲ್ಲಿ ಕೂತು ಬೆರಕೆ ಸೊಪ್ಪು ಆರಿಸುತ್ತಾರೆ. ಒಂದೊಂದೂ ಒಂದೊಂದು ಹಿಡಿ, ಹತ್ತಾರು ಬಗೆ, ಎಲ್ಲ ಸೇರಿಸಿ ಬೇಳೆಯ ಜೊತೆ ಬೇಯಿಸಿ ಮಸೆದರೆ ಸಾರು. ಅಮ್ಮಿ ಚಿಕ್ಕಂದಿನಲ್ಲಿ ಪಕ್ಕದ ಮನೆಯ ಗೌಡರ ಹೆಂಗಸರ ಬೆನ್ನಹಿಂದೆ ಹೋಗಿ ಕಲಿತದ್ದು. ಗುರುತು ಸಿಗದ ಎಲೆಯಾದರೆ ಕುಡಿ ಚಿವುಟಿ ಬಾಯಿಗೆ ಹಾಕಿ ಅಗಿದು ನೋಡುವುದು ಅವಳ ರೂಢಿ. ಕಹಿಯಾದರೆ ಉಗಿಯುವುದು, ಇಲ್ಲದಿದ್ದರೆ ಮಡಿಲಿಗೆ.

ಮೇ ತಿಂಗಳ ನಡುವಿನ ಒಂದು ಶನಿವಾರ ಅಮ್ಮಿ ಭಾಯಿಸಾಬರನ್ನು ಊಟಕ್ಕೆ ಕರೆಯಲು ಹೇಳಿದಳು. ಬೆಳಿಗ್ಗೆ ನಾನು ಕೋಣೆಯ ಕಿಟಕಿಗೆ ಬಣ್ಣ ಬಳಿಯುತ್ತಿದ್ದೆ. ಅಮ್ಮಿ ಬುಟ್ಟಿ ಹಿಡಿದು ಕೇಳಿದಳು: "ಎಲ್ಲಿ ಕೀಳ್ಳಿ?"

"ಪಾತೀಲಿ ಏನೂ ಮುಟ್ಟಬೇಡ. ಗೊಬ್ಬರದ ಹತ್ರ ಇರೋದೆಲ್ಲ ಕಳೆ. ಅಲ್ಲಿ ಏನು ಬೇಕಾದ್ರೂ ಕಿತ್ಕೊ."

ತಿರುಗಿಯೂ ನೋಡದೆ ಹೇಳಿದ್ದೆ.

ಅವರು ಒಂದು ಗಂಟೆಗೆ ಸರಿಯಾಗಿ ಬಂದರು, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಮೇಜಿನ ಮೇಲೆ ಮೂರು ತಟ್ಟೆ, ಬಿಸಿ ಮುದ್ದೆ, ಸಾರು. ಬದಿಗೆ ಸುದ್ದಿಪತ್ರಿಕೆಯ ಹಾಳೆಯಲ್ಲಿ ಸೊಪ್ಪು ಸೋಸಿ ಉಳಿದ ಕಡ್ಡಿಗಳು. ಮುದ್ದೆಯನ್ನು ಅವರು ಬ್ರೆಡ್ಡಿನಂತೆ ಕಚ್ಚಲು ಬಾಯಿಯ ಹತ್ತಿರ ಒಯ್ದರು. ಅಮ್ಮಿ ಗಾಬರಿಯಾಗಿ, "ಬೇಡ ಅನ್ನು, ಬೇಡ ಅನ್ನು! ಹಲ್ಲಿಗೆ ತಾಗಿಸ್ಬಾರ್ದು. ನೀನು ನುಂಗಿ ತೋರ್ಸು," ಅಂದಳು. ನಾನು ತುತ್ತು ಮುರಿದು, ಸಾರಿಗೆ ಅದ್ದಿ, ಅವರಿಗೆ ಕಾಣುವಂತೆ ನಿಧಾನವಾಗಿ ಮೇಲಕ್ಕೆತ್ತಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದವರು ಯಾಕೋ ಕಣ್ಣು ತಗ್ಗಿಸಿದರು. ಸುದ್ದಿಪತ್ರಿಕೆ ನನ್ನ ತಟ್ಟೆಯ ಪಕ್ಕದಲ್ಲೇ ಇತ್ತು.

ಆಗ ಹೊಡೆದದ್ದು.

"ಸ್ತೂರ್ಮ್‌ಹಾಟ್," ಅಂದರು. ಕಡ್ಡಿಗಳ ನಡುವಿಂದ ಒಂದು ಬಾಡಿದ ಎಲೆಯನ್ನು ಕರವಸ್ತ್ರದಲ್ಲಿ ಹಿಡಿದೆತ್ತಿದ್ದರು. ಐದು ಬೆರಳು, ಒಂದೊಂದೂ ಮತ್ತೆ ಸೀಳಿದ್ದು. ಈ ಸಲ ನನಗೆ ಗುರುತು ಸಿಕ್ಕಿತು.

ಅಮ್ಮಿಯ ಕಡೆ ತಿರುಗಿದೆ. ಅವಳು ಹೊಡೆತ ಕಂಡು ಬೆಪ್ಪಾಗಿ ನಿಂತಿದ್ದಳು. ಎಡಗೈ ಬೆರಳುಗಳಿಂದ ತುಟಿ ಉಜ್ಜಿಕೊಳ್ಳುತ್ತಿದ್ದಳು.

"ಅಮ್ಮಿ, ನೀನು ತಿಂದ್ಯಾ?"

"ಉಪ್ಪು ನೋಡ್ದೆ. ಯಾಕೋ ತುಟಿಯೆಲ್ಲ ಜುಮ್ ಅಂತೈತೆ ಬೇಟಾ. ನಾಲಗೇನೂ. ಮೆಣಸಿನಕಾಯಿ ಜಾಸ್ತಿ ಆಯ್ತಾ?"

"ಹಸೀದು ಅಗಿದ್ಯಾ? ಈ ಎಲೆ?"

"ಒಂದೆರಡು ಕುಡಿ. ಕಹಿ ಇರ್ಲಿಲ್ಲವಲ್ಲ."

ಒಂದು ಹನ್ನೊಂದು. ತುರ್ತು ಸಂಖ್ಯೆ ಒತ್ತಿದೆ. ಆ ಕಡೆಯ ದನಿ ಏನಾಯಿತೆಂದು ಕೇಳಿತು. ನನ್ನ ಬಾಯಿಂದ ಕನ್ನಡ ಬಂತು. "ನಮ್ಮಮ್ಮ... ಸೊಪ್ಪು... ನಮ್ಮಮ್ಮ..." ಎನ್ನುತ್ತಲೇ ಇದ್ದೆ. ಹತ್ತು ವರ್ಷ ಸ್ವೀಡಿಷ್ ಮಾತಾಡಿದವಳಿಗೆ ಒಂದು ಪದ ಸಿಗಲಿಲ್ಲ. ಅವರು ನನ್ನ ಕೈಯಿಂದ ಫೋನು ತೆಗೆದುಕೊಂಡರು. ಮೊದಲು ಗಿಡದ ಹೆಸರು ಹೇಳಿದರು. ಆಮೇಲೆ ತಿಂದ ರೀತಿ, ವಯಸ್ಸು, ಕಾಲೊನಿಯ ದಾರಿ. ದನಿ ಏರಲಿಲ್ಲ. ಮಿಲ್ಲಿನಲ್ಲಿ ಏನೋ ಮುರಿದಾಗ ಹೀಗೇ ಮಾತಾಡುತ್ತಿದ್ದರೇನೋ. ಫೋನು ಹಿಂದಿರುಗಿಸಿ, "ಅವಳನ್ನು ಮಲಗಿಸು. ಏಳಲು ಬಿಡಬೇಡ. ಮಾತಾಡಿಸುತ್ತಿರು," ಅಂದರು. ಆಮೇಲೆ ಓಡಿದರು. ಕಾಲೊನಿಯ ಗೇಟಿಗೆ ಅಡ್ಡಗಂಬವಿದೆ, ಅದರ ಬೀಗದ ಕೈ ಅವರ ಹತ್ತಿರವೇ ಇರುತ್ತಿತ್ತು. ಎಂಬತ್ತು ದಾಟಿದ ಮನುಷ್ಯ ಇಸ್ತ್ರಿ ಅಂಗಿಯಲ್ಲಿ ಜಲ್ಲಿಕಲ್ಲಿನ ದಾರಿಯ ಮೇಲೆ ಓಡುವ ಸದ್ದು ನನಗೆ ಈಗಲೂ ಕೇಳುತ್ತದೆ.

ಅಮ್ಮಿ ವಾಂತಿ ಮಾಡಿದಳು. ಕೈಗಳು ತನ್ನವಲ್ಲ ಅನ್ನಿಸುತ್ತಿದೆ ಎಂದಳು. ನಾನು ಮಾತಾಡಿಸಲು ಹೋದರೆ ನನ್ನನ್ನೇ ಸಮಾಧಾನ ಮಾಡಿದಳು. "ಅಳಬ್ಯಾಡ. ಒಲೆ ಆರ್ಸಿದ್ಯಾ ನೋಡು." ನಡುವೆ, ಸಾಯುವ ಹೊತ್ತಿನಲ್ಲಿ ಹೇಳಿಕೊಳ್ಳುವಂತೆ, ಕಲಿಮಾ ಹೇಳಿಕೊಳ್ಳುತ್ತಿದ್ದಳು.

ಗೇಟು ತೆರೆದಿಟ್ಟು ಬಂದು ಅವರು ಮತ್ತೆರಡು ಕೆಲಸ ಮಾಡಿದರು. ಗೊಬ್ಬರದ ಅಂಚಿಂದ ಆ ಗಿಡವನ್ನು ಬೇರು ಸಮೇತ ಕಿತ್ತು ಚೀಲಕ್ಕೆ ಹಾಕಿ, ಮೇಲೆ ಹೆಸರು ಬರೆದು ಸಿಬ್ಬಂದಿಯ ಕೈಗೆ ಕೊಟ್ಟರು. ನಾವು ಹೊರಟ ಮೇಲೆ, ಸಾರಿನ ಪಾತ್ರೆಯನ್ನು ಯಾರೂ ಮುಟ್ಟದಂತೆ ಕೋಣೆಯ ಬಾಗಿಲಿಗೆ ಬೀಗ ಹಾಕಿದರು.

ಹತ್ತಿರದ ಪಟ್ಟಣ ಯೆವ್ಲೆಯ ಆಸ್ಪತ್ರೆಯಲ್ಲಿ ಪೆರ್ಸೋನ್‌ನುಮ್ಮರ್ ಕೇಳಿದರು. ಅದು ಇಲ್ಲಿನ ನಿವಾಸಿಗಳ ಗುರುತಿನ ಸಂಖ್ಯೆ, ಅಮ್ಮಿಗೆ ಇಲ್ಲ. ತಕ್ಷಣ ಒಂದು ತಾತ್ಕಾಲಿಕ ಸಂಖ್ಯೆ ಕೊಟ್ಟು ಮಣಿಕಟ್ಟಿಗೆ ಕಟ್ಟಿದರು. ವಿಷ ಹೀರಲು ಇದ್ದಿಲಿನ ಕಪ್ಪು ದ್ರವ ಕುಡಿಸಿದರು. ಎದೆಯ ಮೇಲೆ ತಂತಿಗಳು. ತೆರೆಯ ಮೇಲಿನ ಹಸಿರು ಗೆರೆ ಸ್ವಲ್ಪ ಹೊತ್ತು ಸರಿಯಾಗಿ ಓಡುವುದು, ಆಮೇಲೆ ಮೆಟ್ಟಿಲು ತಪ್ಪಿದವರಂತೆ ಎಡವುವುದು. ನಾನು ಲೋಹ ಮುರಿಯುವುದನ್ನು ನೋಡುವ ಕೆಲಸದವಳು. ಗೆರೆ ಯಾವಾಗ ಕೆಡುತ್ತದೆಂದು ತೆರೆಯನ್ನು ದಿನವಿಡೀ ನೋಡುತ್ತೇನೆ. ಆ ಗೆರೆಯನ್ನು ನೋಡಲಾಗಲಿಲ್ಲ. ಮೂರು ನಲವತ್ತಕ್ಕೆ ಯಂತ್ರ ಕೂಗಿತು. ನಾಲ್ಕೈದು ಜನ ಒಳಗೆ ಓಡಿ ಬಾಗಿಲು ಹಾಕಿಕೊಂಡರು.

ಹಾಕಿದ ಬಾಗಿಲಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಪಕ್ಕದಲ್ಲಿ ಯಾರೋ ಇದ್ದಾರೆ ಅನ್ನಿಸಿ ತಿರುಗಿದರೆ ಅವರು. ಬಸ್ಸು ಹಿಡಿದು ಬಂದಿದ್ದರು. ಮೊಣಕಾಲಿನ ಮೇಲೆ ಮಣ್ಣು. ಒಂದು ಮೊಳದ ದೂರದಲ್ಲಿ ನಿಂತು ಬಾಗಿಲನ್ನೇ ನೋಡುತ್ತಿದ್ದರು.

"ಕೂಗು ನಿಂತಿತು," ಅಂದರು ಸ್ವಲ್ಪ ಹೊತ್ತಿಗೆ. "ಕೇಳು. ಈಗ ಸಮನಾಗಿ ಬರುತ್ತಿದೆ."

ನನಗೆ ಏನೂ ಕೇಳಿಸುತ್ತಿರಲಿಲ್ಲ. ಕಣ್ಣು ಮುಚ್ಚಿ ಕಿವಿಗೊಟ್ಟೆ. ಬಾಗಿಲಾಚೆ ಟಿಕ್, ಟಿಕ್, ಟಿಕ್. ನಲವತ್ತು ವರ್ಷ ಉರುಳೆಗಳ ಸದ್ದು ಕೇಳಿ ಯಂತ್ರದ ಆರೋಗ್ಯ ಹೇಳಿದ ಕಿವಿ ಅದು. ನನ್ನ ಗಂಡ ಬಂದು ಸೇರಿದ ಮೇಲೂ ಅವರು ಹೋಗಲಿಲ್ಲ. ವೈದ್ಯೆ ಹೊರಬಂದು, ಬೇಯಿಸಿದ್ದರಿಂದ ಸಾರಿನ ವಿಷ ಎಷ್ಟೋ ಇಳಿದಿರಬೇಕು, ಅಪಾಯ ಮಾಡಿದ್ದು ಹಸಿ ಕುಡಿಗಳು, ಇನ್ನೊಂದು ದಿನ ಕಾಯಬೇಕು, ಎಂದಳು. ಯಾವ ಗಿಡವೆಂದು ಮೊದಲೇ ಗೊತ್ತಾದದ್ದರಿಂದ ಹುಡುಕುತ್ತ ಕೂರಬೇಕಾಗಲಿಲ್ಲ ಎಂದೂ ಹೇಳಿದಳು. ಅವರು ಅದನ್ನು ಕೇಳಿಸಿಕೊಳ್ಳದವರಂತೆ ಥರ್ಮಾಸಿನ ಮುಚ್ಚಳ ತಿರುಗಿಸುತ್ತಿದ್ದರು.

ಮರುದಿನ ಮಧ್ಯಾಹ್ನ ಅಮ್ಮಿಗೆ ಸರಿಯಾಗಿ ಮಾತು ಬಂದಾಗ ಮೊದಲು ಕೇಳಿದ್ದು: "ಭಾಯಿಸಾಬ್ ಊಟ ಮಾಡಿದ್ರಾ?"

ಇಲ್ಲವೆಂದೆ. ಗಿಡದ ಹೆಸರು ಕೇಳಿದಳು. ಫೋನಿನಲ್ಲಿ ಹುಡುಕಿ, ವತ್ಸನಾಭಿಯ ಜಾತಿಯದು, ಹಕೀಮರು ಬಚ್‌ನಾಗ್ ಅನ್ನುತ್ತಾರಲ್ಲ ಅದು, ಎಂದೆ. "ಕರೆದು ಕೂರ್ಸಿ ಬಚ್‌ನಾಗ್ ಬಡಿಸ್ದೆ," ಅಂದಳು. ತಾನು ಸಾಯುತ್ತಿದ್ದೆ ಎಂಬುದಕ್ಕಿಂತ ಅತಿಥಿಯ ತಟ್ಟೆಗೆ ವಿಷ ಹಾಕಿದೆ ಎಂಬುದು ಅವಳನ್ನು ಅಲುಗಾಡಿಸಿಬಿಟ್ಟಿತ್ತು. ಆಸ್ಪತ್ರೆಯಿಂದ ಬಂದ ವಾರವೇ, ಕಾಲಿನ್ನೂ ನಡುಗುತ್ತಿರುವಾಗ, ಅಂಗಡಿಯ ಪಾಲಕ್ಕಿನಲ್ಲಿ ಸಾರು ಮಾಡಿ ಅವರ ಬಾಗಿಲಿಗೆ ತಾನೇ ಹೊತ್ತುಕೊಂಡು ಹೋದಳು. ಅವರೆದುರು ಮೊದಲು ತಾನು ಒಂದು ಚಮಚ ಕುಡಿದು ತೋರಿಸಿದಳು. ಅವರು ನಿಂತೇ ಪೂರ್ತಿ ಬಟ್ಟಲು ಖಾಲಿ ಮಾಡಿದರು. "ಮೆಣಸಿನಕಾಯಿ ಇದೆ," ಅಂದರು, ಕಣ್ಣಲ್ಲಿ ನೀರು.

ಅವರ ಪಾತಿಯ ಹಿಂಬದಿಯಲ್ಲಿ ಒಂದು ಕುಳಿ ಬಿದ್ದಿತ್ತು. ಹೆಂಡತಿ ನೆಟ್ಟಿದ್ದ ನೀಲಿಯ ಪೊದೆಯನ್ನು ಬುಡಸಮೇತ ತೆಗೆದುಹಾಕಿದ್ದರು. "ಅದು ಅಲ್ಲೇ ಇರಬಹುದಿತ್ತು," ಎಂದೆ.

"ಇರಬಹುದಿತ್ತು," ಅಂದರು.

ಅಮ್ಮಿ ಜುಲೈನಲ್ಲಿ ಊರಿಗೆ ಹೋದಳು. ನನ್ನ ನಿದ್ದೆ ಮೇ ತಿಂಗಳಲ್ಲೇ ಹೋಗಿತ್ತು. ಆರಂಭದಲ್ಲಿ ಎದ್ದೆದ್ದು ಹೋಗಿ ಅವಳ ಎದೆಯ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ಅವಳು ಹೋದ ಮೇಲೆ ರಾತ್ರಿ ಮೂರು ಗಂಟೆಗೆ ಫೋನು ಮಾಡುತ್ತಿದ್ದೆ. ಅಲ್ಲಿ ಬೆಳಗಾಗಿ ಫಜರ್ ನಮಾಜು ಮುಗಿದಿರುತ್ತಿತ್ತು. "ಬದುಕಿದೀನಿ, ಮಲ್ಕೊ," ಎಂದು ಗದರುವಳು. ಮಲಗಿದರೆ ಅದೇ ಬೆಳಿಗ್ಗೆ. ಬಣ್ಣದ ಕುಂಚ, ಅಮ್ಮಿಯ ಪ್ರಶ್ನೆ, ತಿರುಗದ ನನ್ನ ತಲೆ. ಕನಸಿನಲ್ಲಿ ಎಷ್ಟೋ ಸಲ ತಿರುಗಲು ಪ್ರಯತ್ನಿಸಿದ್ದೇನೆ. ಕುತ್ತಿಗೆ ತಿರುಗುವುದಿಲ್ಲ. ಗಡ್ಡೆ ಎಸೆದದ್ದು ನಾನು ಎಂದು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಗಿಡ ಅಲ್ಲಿಗೆ ಹೇಗೆ ಬಂತೋ ಎಂದು ಕಾಲೊನಿಯವರು ಕೇಳಿದಾಗ, "ನಾನು ಅವಳಿಗೆ ಕೊಟ್ಟೆ. ನನ್ನದು," ಎಂದು ಅವರು ಹೇಳಿದ್ದನ್ನು ಅಲ್ಲೇ ನಿಂತು ಕೇಳಿಸಿಕೊಂಡಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಈಗ ಅವರಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ತೀರಿಕೊಂಡರು. ತೋಟದ ಮೇಲೆ ಎರಡಡಿ ಹಿಮವಿತ್ತು. ಅಮ್ಮಿಗೆ ಅವರ ಹೆಸರು ಕೊನೆಯವರೆಗೂ ನಾಲಗೆಗೆ ಹತ್ತಲಿಲ್ಲ. ದುವಾ ಕೇಳುವಾಗ "ಕೈಗೆ ಹೊಡೆದ ಭಾಯಿಸಾಬ್" ಎನ್ನುತ್ತಾಳಂತೆ, ಮೇಲಿರುವವನಿಗೆ ಗೊತ್ತಾಗುತ್ತದೆ ಬಿಡು ಎನ್ನುತ್ತಾಳೆ. ಅವರ ತೋಟಕ್ಕೆ ಬೇರೆ ಯಾರೋ ಬಂದಿದ್ದಾರೆ. ನಾನು ಅವರಿಂದ ಕಲಿತ ಜೋಡಿಗಳನ್ನು ಈಗಲೂ ಬಣ್ಣ ಕಳೆದೇ ನೋಡುತ್ತೇನೆ. ಆದರೆ ಅವರನ್ನು ನೆನೆದಾಗ ಮೊದಲು ಬರುವುದು ಪಾತಿಯಲ್ಲ, ಅಮ್ಮಿ ಊರಿಗೆ ಹೋದ ಮರುತಿಂಗಳ, ಆಗಸ್ಟಿನ ಒಂದು ಶುಕ್ರವಾರ.

ಕೆಲಸ ಮುಗಿಸಿ ತೋಟಕ್ಕೆ ಹೋದರೆ ಅವರು ನನ್ನ ಗೊಬ್ಬರದ ಗುಂಡಿಯ ಹತ್ತಿರ ಮಂಡಿಯೂರಿದ್ದರು. ಪಕ್ಕದಲ್ಲಿ ಉಕ್ಕಿನ ಜಾಲರಿಯ ಜರಡಿ. ಕೈಗವಸು ಹಾಕಿ ಮಣ್ಣನ್ನು ಹಿಡಿಹಿಡಿಯಾಗಿ ಜರಡಿಗೆ ಹಾಕಿ ಅಲುಗಿಸುತ್ತಿದ್ದರು.

"ಏನು ಹುಡುಕ್ತಿದ್ದೀರಿ?"

"ನಾನು ಬಿಟ್ಟದ್ದನ್ನು."

ಇನ್ನು ತಡೆಯಲಾಗಲಿಲ್ಲ. "ನೀವು ಬಿಟ್ಟದ್ದಲ್ಲ. ನಾನು ಎಸೆದದ್ದು. ಗಿಡ ಬದಲಿಸುವಾಗ ಮುರಿದದ್ದು. ಚೀಲಕ್ಕೆ ಹಾಕು ಅಂತ ನೀವು ಹೇಳಿದ್ರಿ, ನಾನು ಹಾಕಲಿಲ್ಲ. ಇಷ್ಟು ದಿನ ಹೇಳಲೂ ಇಲ್ಲ."

ಅವರು ಜರಡಿಯನ್ನು ಕೆಳಗಿಟ್ಟರು.

"ಗೊತ್ತು," ಅಂದರು. "ನೋಡಿದ್ದೆ."

"ಏನು?"

"ಅಕ್ಟೋಬರ್‌ನಲ್ಲಿ. ಬೇಲಿಯಿಂದ ಕಾಣುತ್ತಿತ್ತು. ನಾಲ್ಕು ತುಂಡು, ಗುಂಡಿಯ ಅಂಚಿನಲ್ಲಿ. ನಿನಗೆ ಹೇಳಬೇಕು ಅಂದುಕೊಂಡೆ. ನಿನ್ನ ತೋಟ, ನಾನು ಕೈಹಾಕಬಾರದು ಅಂದುಕೊಂಡೆ. ನಾಳೆ ಹೇಳೋಣ ಅಂದುಕೊಂಡೆ. ಮಾರನೇ ದಿನ ಹಿಮ ಬಿತ್ತು." ಉಸಿರು ಎಳೆದುಕೊಂಡರು. "ವಸಂತದಲ್ಲಿ ಮರೆತೆ. ಆಮೇಲೆ ಇದೇ ಜಾಗಕ್ಕೆ ನಿನ್ನ ತಾಯಿಯನ್ನು ಕರೆದುಕೊಂಡು ಬಂದು, ಇದನ್ನೆಲ್ಲ ತಿನ್ನಬಹುದು ಅಂತ ತೋರಿಸಿದೆ."

ಅವರು ಒಂದೇ ಉಸಿರಿಗೆ ಅಷ್ಟು ವಾಕ್ಯ ಆಡಿದ್ದನ್ನು ನಾನು ಕೇಳಿರಲಿಲ್ಲ. ಏನನ್ನಿಸಿತು ಎಂದು ನಿಜ ಹೇಳಬೇಕಾದರೆ, ಮೊದಲು ಸಿಟ್ಟು ಬಂತು. ಕಾದ ಕಬ್ಬಿಣದಂಥ ಸಿಟ್ಟು. ಮೂರು ತಿಂಗಳು ಒಬ್ಬಳೇ ಹೊತ್ತಿದ್ದೆನಲ್ಲ! ಒಂದು ಮಾತು. ಬೇಲಿಯ ಮೇಲಿಂದ ಒಂದು ಮಾತು ಸಾಕಿತ್ತು.

"ನೀವು ಹೇಳಬೇಕಿತ್ತು," ಎಂದೆ.

"ಹೌದು."

"ಅವಳು ಸತ್ತುಹೋಗ್ತಿದ್ಲು."

"ಹೌದು."

ಅವರು ಕ್ಷಮೆ ಕೇಳಲಿಲ್ಲ, ನನ್ನನ್ನು ಕ್ಷಮಿಸಲೂ ಇಲ್ಲ. ಜರಡಿಯ ಒಂದು ಬದಿಯನ್ನು ನನ್ನ ಕಡೆ ತಿರುಗಿಸಿದರು. ಕೈಗವಸು ತಂದು ನಾನೂ ಮಂಡಿಯೂರಿದೆ.

ಆ ಸಂಜೆ ಕತ್ತಲಾಗುವವರೆಗೆ, ಮತ್ತೆ ಶನಿವಾರ ಬೆಳಿಗ್ಗೆಯಿಂದ, ಗುಂಡಿಯ ಸುತ್ತ ಒಂದೊಂದು ಗೇಣು ಮಣ್ಣನ್ನೂ ಜರಡಿ ಹಿಡಿದೆವು. ಹತ್ತಕ್ಕೆ ಫೀಕ, ಮೂರಕ್ಕೆ ಫೀಕ. ಎಸೆದದ್ದು ನಾಲ್ಕಾದರೂ ಮರಿಗಡ್ಡೆಗಳು ಸೇರಿ ಹನ್ನೊಂದು ಸಿಕ್ಕವು. ಕಪ್ಪಗೆ, ಕಿರುಬೆರಳಿನ ಗಾತ್ರ, ನೋಡಿದರೆ ಯಾರೂ ಹೆದರುವಂಥದ್ದಲ್ಲ. ಒಂದೊಂದು ಸಿಕ್ಕಾಗಲೂ ಅವರು ಅದನ್ನು ನನಗೆ ತೋರಿಸಿ ಚೀಲಕ್ಕೆ ಹಾಕಿದರು. ಹನ್ನೊಂದಾದ ಮೇಲೂ ಇಡೀ ಜಾಗವನ್ನು ಇನ್ನೊಮ್ಮೆ ಜರಡಿ ಹಿಡಿದೆವು. ಏನೂ ಬರಲಿಲ್ಲ. ಅವರು ಜರಡಿಯನ್ನು ಸಾಕ್ಸಿನಲ್ಲಿ ಒರೆಸಿದರು, ಚೀಲದ ಬಾಯಿ ಕಟ್ಟಿದರು, ಬೇಲಿಯ ಕಂಬ ಹಿಡಿದು ಎದ್ದರು.

"ನಿದ್ದೆ ಬರುತ್ತಾ ನಿನಗೆ?" ಎಂದು ಕೇಳಿದರು.

"ಇಲ್ಲ."

"ನನಗೂ."

ಅಷ್ಟು ಹೇಳಿ ಹೋದರು. ಮನೆಗೆ ಬಂದು ನನ್ನ ಗಂಡನಿಗೆ ಎಲ್ಲವನ್ನೂ ಹೇಳಿದೆ. ಆಮೇಲೆ ಅಮ್ಮಿಗೆ ಫೋನು ಮಾಡಿ ಅವಳಿಗೂ ಹೇಳಿದೆ, ನನ್ನ ತಪ್ಪನ್ನೂ ಅವರದ್ದನ್ನೂ. ಅವಳು ಪೂರ್ತಿ ಕೇಳಿ, "ಹಸೀದು ಅಗಿದದ್ದು ನಾನಲ್ವಾ," ಅಂದಳು. ಆಮೇಲೆ ಬೆನ್ನು ನೋಯುತ್ತಿದೆಯಾ, ಎಣ್ಣೆ ಹಚ್ಚಿಕೊ, ಎಂದಳು.

ಭಾನುವಾರ ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಕಾಲಬುಡ ದಾಟಿ ಗೋಡೆಗೆ ಹೋಗಿತ್ತು. ಒಂಬತ್ತೂವರೆ. ಫೋನು ಹೊಡೆದುಕೊಳ್ಳುತ್ತಿತ್ತು, ಅದಕ್ಕೇ ಎಚ್ಚರವಾದದ್ದು. ಅವರು ಎಂದೂ ನನಗೆ ಫೋನು ಮಾಡಿದವರಲ್ಲ.

"ನಿದ್ದೆ ಮಾಡಿದೆಯಾ?"

"ಮಾಡಿದೆ. ಈಗ ಎದ್ದೆ."

"ಒಳ್ಳೆಯದು," ಅಂದರು. "ನಾನೂ."